ಕೋಶ ಕಂಡ ಚಳಿ: ಜೀವ ಕಾಯುವ ಮತ್ತು ರೋಗ ಸುಡುವ ತಣ್ಣನೆ ಯಂತ್ರಗಳ ವಿನ್ಯಾಸ

(ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಹೈನುಗಾರರು ಮತ್ತು ಕೃತಕ ಗರ್ಭಧಾರಣೆ ಕಾರ್ಯಕರ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳಿದ್ದಾರೆ. ಹಿಂದೆ ಡೇರಿ ಕಡೆಯವರು, ಹಸು ಕಟ್ಟಿರುವವರು, ಊರೂರು ತಿರುಗಿ ಕೃತಕ ಗರ್ಭಧಾರಣೆ ಮಾಡುವವರು ಕೂತಿದ್ದಾರೆ. ಇವತ್ತಿನ ವಿಷಯ ಇಬ್ಬರಿಗೂ ಸೇರಿದ್ದು. ಅದಕ್ಕೇ ಮೇಜಿನ ಮೇಲೆ ಈ ಕ್ಯಾನ್ ಇಟ್ಟಿದ್ದೇನೆ.

ಹಿಂದಿನ ಸಾಲಿನವರಿಗೆ ಇದು ಹೊಸದೇನಲ್ಲ. ಮೂರು ಲೀಟರಿನ ಕ್ಯಾನ್. ಬೈಕಿಗೆ ಕಟ್ಟಿಕೊಂಡು ದಿನಾ ಓಡಾಡುತ್ತೀರಿ. ಒಳಗಿರುವುದು ದ್ರವ ಸಾರಜನಕ. ಅದು ಕುದಿಯುವುದೇ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇಸಿಗೆಯಲ್ಲಿ ನಮ್ಮ ಕಡೆ ಮಧ್ಯಾಹ್ನ 36 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಳಗೂ ಹೊರಗೂ 232 ಡಿಗ್ರಿ ಅಂತರ. ನಡುವಿನ ಗೋಡೆ ಕೆಲವೇ ಸೆಂಟಿಮೀಟರ್. ಆದರೂ ಮುಟ್ಟಿ ನೋಡಿ, ಕ್ಯಾನಿನ ಮೈ ತಣ್ಣಗಿಲ್ಲ.

ಇದನ್ನು ಹೇಗೆ ಮಾಡುತ್ತಾರೆ ಅನ್ನುವುದನ್ನು ಹೇಳುತ್ತೇನೆ. ಅದಕ್ಕಿಂತ ಮುಖ್ಯವಾಗಿ ಇನ್ನೊಂದು ಮಾತು ಹೇಳಬೇಕು. ಜೀವಕೋಶದ ಜೊತೆ ಕೆಲಸ ಮಾಡುವ ಯಂತ್ರದಲ್ಲಿ ಮೀಟರ್ ತೋರಿಸುವ ಡಿಗ್ರಿ ಬೇರೆ, ಕೋಶ ಕಂಡ ಡಿಗ್ರಿ ಬೇರೆ. ಕೋಶ ಎಷ್ಟು ಬೇಗ ತಣ್ಣಗಾಯಿತು, ನಡುವೆ ಎಷ್ಟು ಸಲ ಬಿಸಿ ತಗುಲಿತು, ಕೊನೆಗೆ ಎಷ್ಟು ಬೇಗ ಕರಗಿತು ಅನ್ನುವುದರ ಮೇಲೆ ಅದರ ಬದುಕು ನಿಂತಿದೆ. ವಿನ್ಯಾಸ ಮಾಡುವವರು ಕೋಶದಿಂದ ಲೆಕ್ಕ ಶುರು ಮಾಡಬೇಕು. ಬಹಳ ಜನ ಕಂಪ್ರೆಸರ್‌ನಿಂದ ಶುರು ಮಾಡುತ್ತಾರೆ. ನನ್ನ ತಕರಾರು ಅಲ್ಲೇ ಇದೆ.

ಕ್ಯಾನಿನ ಒಳಗೆ ಏನಿದೆ

ಮೊದಲು ಕ್ಯಾನ್. ಇದರ ಮೂಲ 1892ರದ್ದು. ಜೇಮ್ಸ್ ಡ್ಯೂವರ್ ಅನ್ನುವ ವಿಜ್ಞಾನಿ ಲಂಡನ್ನಿನಲ್ಲಿ ದ್ರವ ಅನಿಲಗಳನ್ನು ಇಡಲು ಎರಡು ಗೋಡೆಯ ಪಾತ್ರೆ ಮಾಡಿದರು. ಗೋಡೆಗಳ ನಡುವಿನ ಗಾಳಿ ತೆಗೆದರು. ನಮ್ಮ ಮನೆಯ ಚಹಾ ಫ್ಲಾಸ್ಕ್ ಅದರ ಸಂತಾನವೇ.

ಬಿಸಿ ಒಳಗೆ ನುಗ್ಗಲು ಮೂರು ದಾರಿ. ಗಾಳಿಯ ಕಣಗಳ ಮೂಲಕ, ವಿಕಿರಣದ ಮೂಲಕ, ಲೋಹದ ಮೂಲಕ. ಗಾಳಿಯನ್ನು ನಿರ್ವಾತ ತಡೆಯುತ್ತದೆ. ವಿಕಿರಣಕ್ಕೆ ಅಲ್ಯೂಮಿನಿಯಂ ಹಾಳೆಯನ್ನು ಪದರ ಪದರವಾಗಿ ಸುತ್ತುತ್ತಾರೆ. ಪದರಗಳು ಒಂದಕ್ಕೊಂದು ತಾಗಬಾರದು, ಅದಕ್ಕೆ ನಡುವೆ ತೆಳ್ಳನೆ ಗಾಜಿನ ನಾರಿನ ಕಾಗದ ಇಡುತ್ತಾರೆ. ಎಷ್ಟೇ ಚೆನ್ನಾಗಿ ಗಾಳಿ ತೆಗೆದರೂ ಲೋಹದ ಮೈಯಿಂದ ಚೂರುಚೂರು ಅನಿಲ ವರ್ಷಗಟ್ಟಲೆ ಹೊರಬರುತ್ತಲೇ ಇರುತ್ತದೆ. ಅದನ್ನು ಹಿಡಿಯಲು ನಿರ್ವಾತದೊಳಗೆ ಇದ್ದಿಲಿನಂಥ ಹೀರುವ ವಸ್ತು ಇಟ್ಟಿರುತ್ತಾರೆ. ಇದ್ದಿಲು ತಣ್ಣಗಾದಷ್ಟೂ ಅನಿಲವನ್ನು ಜಾಸ್ತಿ ಹಿಡಿಯುತ್ತದೆ.

ಉಳಿದದ್ದು ಲೋಹದ ದಾರಿ. ಒಳಪಾತ್ರೆ ಎಲ್ಲಿಂದಾದರೂ ತೂಗಬೇಕಲ್ವಾ? ಅದು ತೂಗುವುದು ಕತ್ತಿನಿಂದ. ಕತ್ತನ್ನೂ ಅಲ್ಯೂಮಿನಿಯಂನಲ್ಲೇ ಮಾಡಿದರೆ ಬಿಸಿಗೆ ಹೆದ್ದಾರಿ ಹಾಕಿಕೊಟ್ಟ ಹಾಗೆ. ಆದ್ದರಿಂದ ಕತ್ತನ್ನು ಗಾಜಿನ ನಾರು ಮತ್ತು ರಾಳ ಸೇರಿಸಿ ಮಾಡುತ್ತಾರೆ. ಅಲ್ಯೂಮಿನಿಯಂಗೆ ಹೋಲಿಸಿದರೆ ಅದರಲ್ಲಿ ಬಿಸಿ ಹರಿಯುವುದು ನೂರಾರು ಪಟ್ಟು ಕಡಿಮೆ. ಇಡೀ ಒಳಪಾತ್ರೆಯ ಭಾರ ಈ ಕತ್ತಿನ ಮೇಲೆ, ಅಂಟಿಸಿದ ಕೀಲಿನ ಮೇಲೆ ಇದೆ. ಕ್ಯಾನನ್ನು ದಬಕ್ಕನೆ ಕುಕ್ಕಿದರೆ, ಹಳ್ಳದ ರಸ್ತೆಯಲ್ಲಿ ಕಟ್ಟು ಸಡಿಲಾಗಿ ಕುಲುಕಾಡಿದರೆ, ಮೊದಲು ಸೋಲುವುದು ಆ ಕೀಲು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನಿರ್ವಾತ ಹೋಯಿತು. ಗೊತ್ತಾಗುವುದು ಹೇಗೆ? ಹೊರಮೈ ಬೆವರುತ್ತದೆ. ಕತ್ತಿನ ಸುತ್ತ ಬಿಳಿ ಹಿಮ ಕಟ್ಟುತ್ತದೆ. ಆ ಬೆವರು ಕಂಡ ಕೂಡಲೇ ಒಳಗಿನ ಸ್ಟ್ರಾಗಳನ್ನು, ಅಂದರೆ ಹೋರಿಯ ವೀರ್ಯ ತುಂಬಿದ ಸಣ್ಣ ಕೊಳವೆಗಳನ್ನು, ಬೇರೆ ಕ್ಯಾನಿಗೆ ದಾಟಿಸಬೇಕು. ನಾಳೆ ನೋಡೋಣ ಅಂದರೆ ನಾಳೆಗೆ ಕ್ಯಾನ್ ಒಣಗಿರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಒಂದು ಕಿಲೋ ದ್ರವ ಸಾರಜನಕ ಆವಿಯಾಗಲು ಸುಮಾರು 199 ಕಿಲೋಜೂಲ್ ಬೇಕು. ಒಂದು ಲೀಟರಿನ ತೂಕ ಸುಮಾರು 0.8 ಕಿಲೋ. ಅಂದರೆ ಲೀಟರಿಗೆ 160 ಕಿಲೋಜೂಲ್. ಒಂದೇ ಒಂದು ವ್ಯಾಟ್ ಬಿಸಿ ಒಳಗೆ ಸೋರಿದರೆ ದಿನಕ್ಕೆ 86 ಕಿಲೋಜೂಲ್ ಆಗುತ್ತದೆ. ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಾರಿಹೋಯಿತು. ಮೂರು ಲೀಟರಿನ ಕ್ಯಾನ್ ಒಂದು ವಾರವೂ ಬಾಳುವುದಿಲ್ಲ. ಒಳ್ಳೆಯ ಕ್ಯಾನ್ ವಾರಗಟ್ಟಲೆ ಬಾಳುತ್ತದೆ ಅಂದರೆ ಅದರ ಸೋರಿಕೆ ಕಾಲು ವ್ಯಾಟಿನ ಆಸುಪಾಸಿನಲ್ಲಿದೆ ಅಂತ ಅರ್ಥ. 232 ಡಿಗ್ರಿ ಅಂತರ ಇಟ್ಟುಕೊಂಡು ಕಾಲು ವ್ಯಾಟ್! ನನಗೆ ಈಗಲೂ ಇದು ಮನುಷ್ಯರು ಮಾಡಿದ ಅತಿ ಚೆಂದದ ವಸ್ತುಗಳಲ್ಲಿ ಒಂದು ಅನ್ನಿಸುತ್ತದೆ.

ಮಟ್ಟ ನೋಡಲು ಮೀಟರ್ ಬೇಕಿಲ್ಲ. ತೆಳ್ಳನೆ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ತಳಕ್ಕೆ ತಾಗುವ ತನಕ ಇಳಿಸಿ, ಸ್ವಲ್ಪ ಹೊತ್ತು ಹಿಡಿದು, ಎತ್ತಿ ಗಾಳಿಯಲ್ಲಿ ಆಡಿಸಬೇಕು. ದ್ರವ ಇದ್ದಷ್ಟು ಎತ್ತರಕ್ಕೆ ಬಿಳಿ ಹಿಮ ಕೂರುತ್ತದೆ. ಕೊಳವೆ ಮಾತ್ರ ಇಳಿಸಬೇಡಿ. ಟೊಳ್ಳು ಇದ್ದರೆ ಸಾರಜನಕ ಅದರೊಳಗೆ ಕುದ್ದು ಮೇಲಕ್ಕೆ ಚಿಮ್ಮಿ ಮುಖಕ್ಕೆ ಬರುತ್ತದೆ.

ಚಳಿ ಕೋಶವನ್ನು ಹೇಗೆ ಕೊಲ್ಲುತ್ತದೆ

ಈಗ ಕೋಶದ ಕಡೆ ಬರೋಣ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಿ ಕೋಶ ಒಡೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅಸಲು ಕಥೆ ಅಷ್ಟು ಸರಳವಲ್ಲ. ಗಡ್ಡೆ ಮೊದಲು ಹುಟ್ಟುವುದು ಕೋಶದ ಹೊರಗಿನ ನೀರಿನಲ್ಲಿ. ಗಡ್ಡೆ ಶುದ್ಧ ನೀರನ್ನು ಮಾತ್ರ ಸೇರಿಸಿಕೊಳ್ಳುತ್ತದೆ, ಉಪ್ಪನ್ನು ಬಿಟ್ಟುಬಿಡುತ್ತದೆ. ಸಾರು ಕುದ್ದು ಬತ್ತಿದರೆ ಉಪ್ಪುಪ್ಪಾಗುತ್ತದಲ್ವಾ, ಹಾಗೆ ಉಳಿದ ನೀರು ಗಟ್ಟಿ ಉಪ್ಪುನೀರಾಗುತ್ತದೆ. ಆ ಉಪ್ಪು ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ. ನಿಧಾನವಾಗಿ ತಣ್ಣಗೆ ಮಾಡಿದರೆ ಕೋಶ ಬತ್ತಿ ಬಹಳ ಹೊತ್ತು ಉಪ್ಪಿನಲ್ಲಿ ನರಳಿ ಸಾಯುತ್ತದೆ. ಬೇಗ ತಣ್ಣಗೆ ಮಾಡಿದರೆ ಒಳಗಿನ ನೀರಿಗೆ ಹೊರಗೆ ಬರಲು ಪುರುಸೊತ್ತೇ ಸಿಗದೆ ಅಲ್ಲೇ ಗಡ್ಡೆಯಾಗುತ್ತದೆ. ಒಳಗೆ ಗಡ್ಡೆಯಾದ ಕೋಶ ಉಳಿಯುವುದು ಬಹಳ ಅಪರೂಪ.

ಹೀಗೆ ಎರಡೂ ಕಡೆ ಸಾವಿದೆ, ನಡುವೆ ಒಂದು ಸಣ್ಣ ಕಿಂಡಿ ಇದೆ ಅನ್ನುವುದನ್ನು ಪೀಟರ್ ಮಜೂರ್ ಅನ್ನುವ ವಿಜ್ಞಾನಿ ಮತ್ತು ಜೊತೆಯವರು 1972ರ ಹೊತ್ತಿಗೆ ಸ್ಪಷ್ಟವಾಗಿ ತೋರಿಸಿದರು. ಆ ಕಿಂಡಿ ಪ್ರತಿ ಕೋಶಕ್ಕೂ ಬೇರೆ. ಇಲಿಯ ಭ್ರೂಣಕ್ಕೆ ನಿಮಿಷಕ್ಕೆ ಒಂದು ಡಿಗ್ರಿ ಅಥವಾ ಅದಕ್ಕಿಂತ ನಿಧಾನ ಬೇಕು. ಮೂಳೆಮಜ್ಜೆಯ ಕಾಂಡಕೋಶಕ್ಕೂ ನಿಮಿಷಕ್ಕೆ ಸುಮಾರು ಒಂದು ಡಿಗ್ರಿ. ಹೋರಿಯ ವೀರ್ಯಕ್ಕೆ ನಿಮಿಷಕ್ಕೆ ಹತ್ತಾರು ಡಿಗ್ರಿ. ಕೆಂಪು ರಕ್ತಕಣ ಇನ್ನೂ ಎಷ್ಟೋ ಪಟ್ಟು ವೇಗ ಬೇಡುತ್ತದೆ. ಕಾರಣವೂ ಇದೆ. ಕೆಂಪು ಕಣದಿಂದ ನೀರು ಬಲು ಬೇಗ ಹೊರಬರುತ್ತದೆ. ಭ್ರೂಣದ ಕೋಶ ದೊಡ್ಡದು, ನೀರು ಬರಲು ಹೊತ್ತು ಬೇಕು. ಎಲ್ಲಕ್ಕೂ ಒಂದೇ ಯಂತ್ರ, ಒಂದೇ ಬಟನ್ ಅಂತ ಯಾರಾದರೂ ಮಾರಲು ಬಂದರೆ ಯಾವ ಕೋಶಕ್ಕೆ ಸ್ವಾಮಿ ಅಂತ ಕೇಳಿ.

ಈ ಕಿಂಡಿಯನ್ನು ಅಗಲ ಮಾಡುವ ವಸ್ತು ಗ್ಲಿಸರಾಲ್. 1949ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್, ಅಲನ್ ಪಾರ್ಕ್ಸ್ ಇದನ್ನು ಪ್ರಕಟಿಸಿದರು. ಅವರು ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ನೋಡುತ್ತಿದ್ದರು, ಸೋಲುತ್ತಿದ್ದರು. ಒಂದು ಸಲ ಕಪಾಟಿನ ಸೀಸೆಯೊಂದರಿಂದ ಬೆರೆಸಿದ್ದು ಮಾತ್ರ ಬದುಕಿತು. ಪರೀಕ್ಷೆ ಮಾಡಿದರೆ ಅದರಲ್ಲಿ ಸಕ್ಕರೆಯೇ ಇಲ್ಲ, ಗ್ಲಿಸರಾಲ್ ಇದೆ. ಲೇಬಲ್ ಅದಲುಬದಲಾಗಿತ್ತು. ಆ ಸೀಸೆಯ ಚೂರು ದ್ರವವನ್ನು ಚೆಲ್ಲದೆ ಪರೀಕ್ಷೆಗೆ ಕಳಿಸಿದರಲ್ಲ, ಅದು ದೊಡ್ಡ ಕೆಲಸ. 1951ರಲ್ಲಿ ಹೆಪ್ಪುಗಟ್ಟಿಸಿದ ವೀರ್ಯದಿಂದ ಮೊದಲ ಕರು ಹುಟ್ಟಿತು. ಆಗ ಇಡುತ್ತಿದ್ದದ್ದು ಒಣ ಮಂಜಿನಲ್ಲಿ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್), ಮೈನಸ್ 79 ಡಿಗ್ರಿಯಲ್ಲಿ. ದ್ರವ ಸಾರಜನಕ ಆಮೇಲೆ ಬಂತು. ಇವತ್ತು ಹೆಸರಘಟ್ಟದಲ್ಲಿ ತಯಾರಾಗಿ ನಮ್ಮ ತಾಲ್ಲೂಕುಗಳಿಗೆ ಬರುವ ಸ್ಟ್ರಾದೊಳಗೂ ಅದೇ ಗ್ಲಿಸರಾಲ್ ಇದೆ.

ಈಗ ವಿನ್ಯಾಸದ ಒಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡೋಣ. ಭ್ರೂಣವನ್ನು ನಿಧಾನವಾಗಿ ತಣ್ಣಗೆ ಮಾಡುವ ಯಂತ್ರ ಇದೆ. ಒಂದು ಪೆಟ್ಟಿಗೆ, ಒಂದು ಫ್ಯಾನ್, ಸಾರಜನಕದ ಆವಿ ಬಿಡುವ ವಾಲ್ವ್, ಒಂದು ಹೀಟರ್, ಉಷ್ಣತೆ ಅಳೆಯುವ ಸೆನ್ಸರ್. ಕಾಗದದ ಮೇಲೆ ಬಹಳ ಸುಲಭ. ಆದರೆ ನೀರು ಸೊನ್ನೆ ಡಿಗ್ರಿಗೆ ಬಂದ ಕೂಡಲೇ ಗಡ್ಡೆಯಾಗುವುದಿಲ್ಲ. ಸಣ್ಣ ಸ್ಟ್ರಾದಲ್ಲಿ ಮೈನಸ್ 10, ಮೈನಸ್ 15ರ ತನಕವೂ ದ್ರವವಾಗಿಯೇ ಸುಮ್ನೆ ಕೂತಿರಬಲ್ಲದು. ಆಮೇಲೆ ಒಮ್ಮೆಗೇ ಗಡ್ಡೆ ಹುಟ್ಟುತ್ತದೆ. ಹುಟ್ಟುವಾಗ ಬಿಸಿ ಬಿಡುತ್ತದೆ, ಸ್ಟ್ರಾದ ಉಷ್ಣತೆ ಪಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಸುತ್ತಲ ಪೆಟ್ಟಿಗೆ ಅಷ್ಟರಲ್ಲಿ ಬಹಳ ತಣ್ಣಗಾಗಿರುತ್ತದೆ. ಹಾಗಾಗಿ ಜಿಗಿದ ಸ್ಟ್ರಾ ಮತ್ತೆ ರಭಸದಿಂದ ಕೆಳಗೆ ಬೀಳುತ್ತದೆ. ನಾವು ನಿಮಿಷಕ್ಕೆ ಅರ್ಧ ಡಿಗ್ರಿ ಅಂತ ಪ್ರೋಗ್ರಾಂ ಹಾಕಿದ್ದೇವೆ, ಪೆಟ್ಟಿಗೆಯ ಸೆನ್ಸರ್ ಅದನ್ನೇ ತೋರಿಸುತ್ತಿದೆ, ಕೋಶ ಮಾತ್ರ ಬೇರೆಯೇ ವೇಗ ಕಂಡಿದೆ. ಒಳಗೆ ಗಡ್ಡೆಯಾಗಿ ಸತ್ತಿದೆ.

ಇದಕ್ಕೆ ಮದ್ದು ಏನು ಗೊತ್ತಾ? ಮೈನಸ್ 6 ಅಥವಾ 7 ಡಿಗ್ರಿಗೆ ಬಂದಾಗ ಯಂತ್ರವನ್ನು ನಿಲ್ಲಿಸುತ್ತಾರೆ. ಒಂದು ಚಿಮಟವನ್ನು ದ್ರವ ಸಾರಜನಕದಲ್ಲಿ ಅದ್ದಿ ಸ್ಟ್ರಾದ ಒಂದು ತುದಿಗೆ ಮುಟ್ಟಿಸುತ್ತಾರೆ, ಭ್ರೂಣ ಇರುವ ಜಾಗಕ್ಕೆ ಅಲ್ಲ. ಮುಟ್ಟಿದ ಕಡೆ ಒಂದು ಬಿಳಿ ಚುಕ್ಕೆ ಹುಟ್ಟುತ್ತದೆ. ಅದು ಮೆಲ್ಲಗೆ ಸ್ಟ್ರಾದ ಉದ್ದಕ್ಕೂ ಹರಿಯುತ್ತದೆ. ನೀರು ಎಲ್ಲಿ, ಯಾವಾಗ ಗಡ್ಡೆಯಾಗಬೇಕು ಅನ್ನುವುದನ್ನು ನಾವೇ ಹೇಳಿದ ಹಾಗಾಯಿತು. ಆಮೇಲೆ ನಿಧಾನ ಇಳಿಕೆ. ಲಕ್ಷಗಟ್ಟಲೆ ಬೆಲೆಯ ಯಂತ್ರದಲ್ಲಿ ಒಂದು ಚಿಮಟದ ಮುಟ್ಟು ಇಷ್ಟು ಮುಖ್ಯ. ಆದ್ದರಿಂದ ಪೆಟ್ಟಿಗೆ ವಿನ್ಯಾಸ ಮಾಡುವವರು ಚಿಮಟ ಒಳಗೆ ಹೋಗಲು ಜಾಗ ಬಿಡಬೇಕು, ಮುಚ್ಚಳ ತೆಗೆದರೂ ಒಳಗಿನ ಚಳಿ ಏರುಪೇರಾಗದ ಹಾಗೆ ನೋಡಬೇಕು. ಸೆನ್ಸರನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳಬಾರದು. ಅದೇ ದ್ರವ ತುಂಬಿದ, ಭ್ರೂಣವಿಲ್ಲದ ಒಂದು ಸ್ಟ್ರಾದೊಳಗೆ ಸೆನ್ಸರ್ ಇಟ್ಟು ಉಳಿದವುಗಳ ಪಕ್ಕದಲ್ಲೇ ನಿಲ್ಲಿಸಬೇಕು.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಇವರ ಕೆಲಸದಿಂದ ಹೆಣ್ಣುಮಗು ಹುಟ್ಟಿತು. ಇವರು ಭ್ರೂಣವನ್ನು ಹೆಪ್ಪುಗಟ್ಟಿಸಿ ಇಟ್ಟು, ಆಮೇಲೆ ಗರ್ಭಕ್ಕೆ ಸೇರಿಸಿದ್ದರು. ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1997ರಲ್ಲಿ ಡಾ. ಟಿ.ಸಿ. ಆನಂದ ಕುಮಾರ್, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಈ ಸಾಧನೆ ಅವರದ್ದೇ ಅಂತ ಬಹಿರಂಗವಾಗಿ ಹೇಳಿದರು. ಭಾರತದ ಮೊದಲ ಪ್ರನಾಳ ಶಿಶುವಿನ ಹಿಂದಿರುವವರು ಅನ್ನುವ ಹೆಸರು ಅಲ್ಲಿಯ ತನಕ ಆನಂದ ಕುಮಾರರ ತಂಡಕ್ಕೇ ಇತ್ತು. ಅದನ್ನು ಅವರೇ ಬಿಟ್ಟುಕೊಟ್ಟರು. ಇಬ್ಬರೂ ನಮ್ಮ ಮಕ್ಕಳ ಪಾಠದಲ್ಲಿ ಇರಬೇಕಾದವರು.

ಎಂಟು ಸೆಕೆಂಡಿನ ವಿಷಯ

ಈಗ ಮತ್ತೆ ಈ ಕ್ಯಾನಿಗೆ ಬರುತ್ತೇನೆ. ನನ್ನ ಪ್ರಕಾರ ನಮ್ಮ ಜಿಲ್ಲೆಗಳಲ್ಲಿ ಅತಿ ಹೆಚ್ಚು ಗಮನ ಬೇಕಿರುವುದು ಇದಕ್ಕೇ.

ಸ್ಟ್ರಾ ಎಷ್ಟಿದೆ? ಎರಡು ಮಿಲಿಮೀಟರ್ ದಪ್ಪ, ಒಂದು ಗೇಣಿಗಿಂತ ಚಿಕ್ಕದು. ಒಳಗೆ ಕಾಲು ಮಿಲಿಲೀಟರ್. ಇಷ್ಟು ಸಣ್ಣ ವಸ್ತು ಗಾಳಿಗೆ ಬಂದರೆ ಬಿಸಿಯಾಗಲು ಹೊತ್ತು ಬೇಡ. ಕೋಶ ನಿಜವಾಗಿ ಸ್ಥಿರವಾಗಿರುವುದು ಸುಮಾರು ಮೈನಸ್ 130 ಡಿಗ್ರಿಗಿಂತ ಕೆಳಗೆ. ಅದಕ್ಕಿಂತ ಮೇಲೆ ಬಂದರೆ ಸಣ್ಣ ಹರಳುಗಳು ಒಂದಕ್ಕೊಂದು ಸೇರಿ ದೊಡ್ಡದಾಗಲು ಶುರುವಾಗುತ್ತದೆ. ಮತ್ತೆ ಸಾರಜನಕದಲ್ಲಿ ಮುಳುಗಿಸಿದರೆ ಉಷ್ಣತೆ ವಾಪಸ್ ಬರುತ್ತದೆ, ಬೆಳೆದ ಹರಳು ಮಾತ್ರ ಹಾಗೇ ಉಳಿಯುತ್ತದೆ. ಇನ್ನೊಂದು ಸಲ ಎತ್ತಿದಾಗ ಇನ್ನಷ್ಟು ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಣ್ಣ ಅದೇ, ಹೋರಿಯ ನಂಬರ್ ಅದೇ.

ಈಗ ಕತ್ತನ್ನು ನೋಡಿ. ತಳದಲ್ಲಿ ಮೈನಸ್ 196, ಬಾಯಲ್ಲಿ ಹೊರಗಿನ ಗಾಳಿ. ಕತ್ತು 15 ಸೆಂಟಿಮೀಟರ್ ಉದ್ದ ಇದ್ದರೆ ಪ್ರತಿ ಸೆಂಟಿಮೀಟರಿಗೆ ಸರಾಸರಿ 15 ಡಿಗ್ರಿ ಏರುತ್ತದೆ. ಕ್ಯಾನಿಸ್ಟರನ್ನು, ಅಂದರೆ ಸ್ಟ್ರಾಗಳನ್ನು ಇಟ್ಟಿರುವ ಹಿಡಿಕೆಯ ಡಬ್ಬಿಯನ್ನು, ಬಾಯಿಯ ಮಟ್ಟಕ್ಕೆ ಎತ್ತಿ, ಬೇಕಾದ ಹೋರಿಯ ಸ್ಟ್ರಾ ಹುಡುಕುತ್ತಾ ಕೂತರೆ ಬೇಕಾದ್ದು ಒಂದು, ಬಿಸಿಯಾದದ್ದು ಉಳಿದ ಎಲ್ಲವೂ. ಅದಕ್ಕೇ ಕ್ಯಾನಿಸ್ಟರನ್ನು ಕತ್ತಿನೊಳಗಿನ ಹಿಮದ ಗೆರೆಗಿಂತ ಕೆಳಗೇ ಹಿಡಿದು, ಏಳೆಂಟು ಸೆಕೆಂಡಿನಲ್ಲಿ ಚಿಮಟದಿಂದ ಒಂದನ್ನು ತೆಗೆದು ಕೆಳಗಿಳಿಸಬೇಕು ಅಂತ ತರಬೇತಿಯಲ್ಲಿ ಹೇಳುತ್ತಾರೆ. ಸಿಗಲಿಲ್ಲವಾ? ಕೆಳಗೆ ಬಿಡಿ, ಚಳಿ ಹಿಡಿಯಲಿ, ಮತ್ತೆ ಎತ್ತಿ.

ಮಾತು ಸರಿ. ಆದರೆ ದನದ ಕೊಟ್ಟಿಗೆಯಲ್ಲಿ ಸಂಜೆ ಬೆಳಕು ಎಷ್ಟಿರುತ್ತದೆ? ಬಗ್ಗಿ ನೋಡಿದರೆ ಕತ್ತಿನ ತುಂಬ ಬಿಳಿ ಆವಿ. ಸ್ಟ್ರಾದ ಮೇಲಿನ ಅಕ್ಷರ ಸೊಳ್ಳೆಯಷ್ಟು ಸಣ್ಣ. ಕೈಯಲ್ಲಿ ಗ್ಲೌಸ್. ಪಕ್ಕದಲ್ಲಿ ಹಸು ಹಿಡಿದವರು ಬೇಗ ಆಗಲಿ ಸಾರ್ ಅಂತಿದ್ದಾರೆ. ಇಂಜಿನಿಯರ್ ಲೆಕ್ಕದಲ್ಲಿ ಕತ್ತು ಕಿರಿದಾದಷ್ಟೂ ಒಳ್ಳೆಯದು, ಸೋರಿಕೆ ಕಡಿಮೆ. ಕೆಲಸಗಾರನ ಲೆಕ್ಕದಲ್ಲಿ ಕತ್ತು ಕಿರಿದಾದಷ್ಟೂ ಕಾಣುವುದಿಲ್ಲ, ಕಾಣದಿದ್ದಷ್ಟೂ ಮೇಲಕ್ಕೆ ಎತ್ತುತ್ತಾನೆ. ಸಾರಜನಕ ಉಳಿಸಿದ ವಿನ್ಯಾಸ ಸ್ಟ್ರಾ ಕಳೆಯಿತು. ತಪ್ಪು ಅವನದ್ದು ಅಂತ ಬರೆದುಬಿಡುವುದು ಸುಲಭ. ನನಗೆ ಅದು ವಿನ್ಯಾಸದ ಕೊರತೆಯಾಗಿಯೇ ಕಾಣುತ್ತದೆ. ಹೋರಿಗೊಂದು ಬಣ್ಣದ ಗಾಬ್ಲೆಟ್ (ಸ್ಟ್ರಾ ನಿಲ್ಲಿಸುವ ಸಣ್ಣ ಲೋಟ), ಕ್ಯಾನಿಸ್ಟರ್ ಹಿಡಿಕೆಗೆ ಇಷ್ಟಕ್ಕಿಂತ ಮೇಲೆ ಬರದ ಹಾಗೆ ಒಂದು ತಡೆ, ಕತ್ತಿನೊಳಗೆ ಬೀಳುವ ಹಾಗೆ ತಲೆಗೆ ಕಟ್ಟುವ ಒಂದು ಟಾರ್ಚ್. ಇವು ದೊಡ್ಡ ಖರ್ಚಿನವಲ್ಲ.

ಕರಗಿಸುವುದೂ ವಿನ್ಯಾಸದ ಭಾಗವೇ. 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್. ಬೇಗ ಕರಗಬೇಕು, ಯಾಕೆಂದರೆ ನಿಧಾನವಾಗಿ ಕರಗಿದರೆ ಹರಳು ಬೆಳೆಯುವ ಉಷ್ಣತೆಯಲ್ಲಿ ಜಾಸ್ತಿ ಹೊತ್ತು ಕಳೆಯುತ್ತದೆ. ಅಂಗೈಯಲ್ಲಿ ಉಜ್ಜುವುದು, ಜೇಬಿಗೆ ಹಾಕಿಕೊಳ್ಳುವುದು ಬೇಡ. ನೀರಿನಿಂದ ತೆಗೆದ ಮೇಲೆ ಸ್ಟ್ರಾ ಒರೆಸಿ ಒಣಗಿಸಬೇಕು. ತುದಿ ಕತ್ತರಿಸುವಾಗ ಒಂದು ಹನಿ ನೀರು ಒಳಗೆ ಸೇರಿದರೂ ವೀರ್ಯಾಣುಗಳು ಉಬ್ಬಿ ಸಾಯುತ್ತವೆ.

ಚಳಿಗೆ ಮೆಟ್ಟಿಲು ಬೇಕು ಅನ್ನುವುದು ಶಿಡ್ಲಘಟ್ಟದ ಕಡೆಯವರಿಗೆ ಬೇರೆ ದಾರಿಯಿಂದ ಗೊತ್ತಿದೆ. ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ) ರೇಷ್ಮೆ ಮೊಟ್ಟೆ ನಿದ್ರೆಗೆ ಹೋಗುತ್ತದೆ, ಚಳಿ ಕಂಡ ಮೇಲೇ ಒಡೆಯುತ್ತದೆ. ಮೊಟ್ಟೆ ತಯಾರಿಸುವ ಗ್ರೇನೇಜ್‌ಗಳಲ್ಲಿ ಅದನ್ನು 25 ಡಿಗ್ರಿಯಿಂದ 20, 15, 10 ಹೀಗೆ ಇಳಿಸುತ್ತಾ 5 ಡಿಗ್ರಿಗೆ, ಆಮೇಲೆ 2.5 ಡಿಗ್ರಿಗೆ ತರುತ್ತಾರೆ. ಹೊರಗೆ ತೆಗೆಯುವಾಗಲೂ ನಡುವೆ 15 ಡಿಗ್ರಿಯಲ್ಲಿ ತಂಗಿಸುತ್ತಾರೆ. ಇಲ್ಲಿ ಗಡ್ಡೆಯ ಮಾತೇ ಇಲ್ಲ. ಆದರೂ ಮೊಟ್ಟೆ ಕಂಡ ಚಳಿಯ ಚರಿತ್ರೆಯೇ ಚಾಕಿಯ, ಅಂದರೆ ಎಳೆ ಹುಳು ಸಾಕಣೆಯ, ಫಲ ಹೇಳುತ್ತದೆ.

ಅದೇ ಚಳಿ, ಉಲ್ಟಾ ಕೆಲಸ

ಇಲ್ಲಿಯ ತನಕ ಕಾಯುವ ಮಾತಾಯಿತು. ಈಗ ಕೊಲ್ಲುವ ಮಾತು. ರೋಗದ ಗಂಟನ್ನು ಕತ್ತರಿಸದೆ ಹೆಪ್ಪುಗಟ್ಟಿಸಿ ಸಾಯಿಸುವ ಚಿಕಿತ್ಸೆ ಇದೆ. 1850ರ ಆಸುಪಾಸಿನಲ್ಲೇ ಇಂಗ್ಲೆಂಡಿನ ಜೇಮ್ಸ್ ಆರ್ನಾಟ್ ಉಪ್ಪು ಬೆರೆಸಿದ ಮಂಜುಗಡ್ಡೆಯನ್ನು ಕ್ಯಾನ್ಸರ್ ಹುಣ್ಣಿಗೆ ಇಟ್ಟು ನೋಡಿದ್ದರು. 1961ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ದ್ರವ ಸಾರಜನಕ ಹರಿಯುವ ಸಲಾಕೆ ಮಾಡಿದರು. ತುದಿ ಮಾತ್ರ ತಣ್ಣಗೆ, ಉಳಿದ ಮೈಗೆ ನಿರ್ವಾತದ ಕವಚ. ನಮ್ಮ ಕ್ಯಾನಿನ ಗೋಡೆಯನ್ನೇ ಪೆನ್ಸಿಲ್ ಗಾತ್ರಕ್ಕೆ ತಂದಿದ್ದು ಅದು.

ಇಲ್ಲಿ ನಿಯಮಗಳೆಲ್ಲ ತಿರುಗುಮುರುಗು. ಬೇಗ ತಣ್ಣಗೆ ಮಾಡು, ಒಳಗೆ ಗಡ್ಡೆಯಾಗಲಿ. ನಿಧಾನವಾಗಿ ಕರಗಿಸು, ಹರಳು ಬೆಳೆಯಲಿ. ಮತ್ತೊಮ್ಮೆ ಹೆಪ್ಪುಗಟ್ಟಿಸು. ಗರ್ಭಕೊರಳಿನ ಕ್ಯಾನ್ಸರ್ ಪೂರ್ವ ಹಂತಕ್ಕೆ ಮಾಡುವ ಕ್ರಯೋಥೆರಪಿಯಲ್ಲಿ ಮೂರು ನಿಮಿಷ ಚಳಿ, ಐದು ನಿಮಿಷ ಬಿಡುವು, ಮತ್ತೆ ಮೂರು ನಿಮಿಷ ಚಳಿ. ಇಂಗಾಲದ ಡೈಆಕ್ಸೈಡ್ ಅಥವಾ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಸಾಕು, ದ್ರವ ಸಾರಜನಕ ಬೇಡ. ತೊಂದರೆ ಸಿಲಿಂಡರಿನದ್ದೇ. ಭಾರ, ತುಂಬಿಸಲು ದೂರ, ಅನಿಲದಲ್ಲಿ ತೇವ ಇದ್ದರೆ ಸಣ್ಣ ರಂಧ್ರದಲ್ಲಿ ಗಡ್ಡೆ ಕಟ್ಟಿ ನಡುವೆಯೇ ನಿಲ್ಲುತ್ತದೆ. ಹಳ್ಳಿ ಆಸ್ಪತ್ರೆಗೆ ಯಂತ್ರ ಮಾಡುವವರು ಸಿಲಿಂಡರ್ ಹೊತ್ತು ತರುವ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗ ಬ್ಯಾಟರಿಯಿಂದ ಬಿಸಿ ಮಾಡಿ ಸುಡುವ ಸಣ್ಣ ಉಪಕರಣಗಳು ಬಂದಿವೆ. ಅನಿಲ ಸಿಗದ ಕಡೆ ಅವು ಉತ್ತಮ ಅಂತ ಚಳಿಯ ಕೆಲಸ ಮಾಡುವ ನಾನೇ ಹೇಳುತ್ತೇನೆ.

ದೊಡ್ಡ ಆಸ್ಪತ್ರೆಗಳಲ್ಲಿ ಸೂಜಿಯಷ್ಟು ತೆಳ್ಳನೆ ಸಲಾಕೆ ಇದೆ. ಒಳಗೆ ಆರ್ಗಾನ್ ಭಾರಿ ಒತ್ತಡದಲ್ಲಿ ಬಂದು ಸಣ್ಣ ರಂಧ್ರದಿಂದ ಹೊರಗೆ ಹಿಗ್ಗುತ್ತದೆ. ಹಿಗ್ಗಿದಾಗ ತಣ್ಣಗಾಗುತ್ತದೆ. ಅದೇ ರಂಧ್ರದಿಂದ ಹೀಲಿಯಂ ಬಿಟ್ಟರೆ ತುದಿ ಬಿಸಿಯಾಗುತ್ತದೆ! ಕೋಣೆಯ ಉಷ್ಣತೆಯಲ್ಲಿ ಹೀಲಿಯಂ ಹಿಗ್ಗಿದರೆ ಬಿಸಿಯಾಗುವ ಸ್ವಭಾವದ್ದು. ಒಂದೇ ಸೂಜಿಗೆ ಚಳಿಯೂ ಬಿಸಿಯೂ ಸಿಕ್ಕಿತು. ಥರ್ಮೋಡೈನಾಮಿಕ್ಸ್ ಕ್ಲಾಸಿನಲ್ಲಿ ಜೂಲ್ ಥಾಮ್ಸನ್ ಪರಿಣಾಮ ಯಾಕೆ ಓದಬೇಕು ಅಂತ ಕೇಳುತ್ತೀರಲ್ಲ, ಇದಕ್ಕೆ.

ಇಲ್ಲೂ ಅದೇ ಪ್ರಶ್ನೆ ಬರುತ್ತದೆ, ಕೋಶ ಎಷ್ಟು ಚಳಿ ಕಂಡಿತು? ಸ್ಕ್ಯಾನಿಂಗಿನಲ್ಲಿ ಡಾಕ್ಟರಿಗೆ ಮಂಜುಗಡ್ಡೆಯ ಅಂಚು ಚೆನ್ನಾಗಿ ಕಾಣುತ್ತದೆ. ಆದರೆ ಆ ಅಂಚು ಬರೀ ಸೊನ್ನೆ ಡಿಗ್ರಿ. ಕ್ಯಾನ್ಸರ್ ಕೋಶ ಖಚಿತವಾಗಿ ಸಾಯಬೇಕಾದರೆ ಮೈನಸ್ 40ರ ಹತ್ತಿರ ಹೋಗಬೇಕು. ಆ ಗೆರೆ ಅಂಚಿನಿಂದ ಹಲವು ಮಿಲಿಮೀಟರ್ ಒಳಗಿದೆ, ಕಣ್ಣಿಗೆ ಕಾಣದು. ಹಾಗಾಗಿ ಕಾಣುವ ಮಂಜುಗಡ್ಡೆಯನ್ನು ರೋಗದ ಅಂಚಿಗಿಂತ ಆಚೆಗೂ ಬೆಳೆಸಬೇಕು. ಆಚೆ ಒಳ್ಳೆಯ ಭಾಗ ಇದ್ದರೆ? ಪ್ರಾಸ್ಟೇಟ್ ಚಿಕಿತ್ಸೆಯಲ್ಲಿ ಮೂತ್ರನಾಳದೊಳಗೆ ಬೆಚ್ಚನೆ ದ್ರವ ಹರಿಸುವ ಕೊಳವೆ ಇಟ್ಟು ಅದನ್ನು ಕಾಯುತ್ತಾರೆ. ಪಕ್ಕದಲ್ಲಿ ದೊಡ್ಡ ರಕ್ತನಾಳ ಇದ್ದರೆ 37 ಡಿಗ್ರಿಯ ರಕ್ತ ಎಡೆಬಿಡದೆ ಬಿಸಿ ತಂದು ಸುರಿಯುತ್ತದೆ, ಆ ಪಕ್ಕದ ರೋಗ ಉಳಿದುಬಿಡಬಹುದು. ಸೂಜಿಗಳನ್ನು ಎಲ್ಲಿ ಚುಚ್ಚಬೇಕು ಅನ್ನುವುದು ಪೂರ್ತಿ ಶಾಖದ ಲೆಕ್ಕ.

ಇಡೀ ಕಿಡ್ನಿ, ಹೃದಯ ಹೆಪ್ಪುಗಟ್ಟಿಸಿ ಇಡಬಹುದಾ ಅಂತ ಕೇಳುತ್ತೀರಿ. ಮನುಷ್ಯರ ಅಂಗಕ್ಕೆ ಇನ್ನೂ ಆಗಿಲ್ಲ. ದೊಡ್ಡ ಅಂಗದ ಹೊರಗೂ ಒಳಗೂ ಒಂದೇ ವೇಗ ತರುವುದು ಕಷ್ಟ. ಗಡ್ಡೆಯೇ ಆಗದೆ ಗಾಜಿನ ಸ್ಥಿತಿಗೆ ತರುವ ದಾರಿಯನ್ನು 1985ರಲ್ಲಿ ರಾಲ್ ಮತ್ತು ಫೇಹಿ ಇಲಿ ಭ್ರೂಣದಲ್ಲಿ ತೋರಿಸಿದರು. 2023ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಹೆಗ್ಗಣದ ಕಿಡ್ನಿಗಳನ್ನು ಹಾಗೆ 100 ದಿನದ ತನಕ ಇಟ್ಟು, ತೆಗೆದು, ಕಸಿ ಮಾಡಿದರು. ಅವು ಕೆಲಸ ಮಾಡಿದವು. ಅವರ ಜಾಣತನ ಇದ್ದದ್ದು ಬಿಸಿ ಮಾಡುವುದರಲ್ಲಿ. ರಕ್ತನಾಳಗಳಿಗೆ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣ ತುಂಬಿ, ಕಾಂತಕ್ಷೇತ್ರದಲ್ಲಿ ಇಟ್ಟು ಒಳಗಿನಿಂದಲೇ ಎಲ್ಲ ಕಡೆ ಸಮವಾಗಿ ಬೆಚ್ಚಗೆ ಮಾಡಿದರು.

ಎಚ್ಚರಿಕೆಯ ಎರಡು ಮಾತು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲ ಆಗುತ್ತದೆ. ಅದಕ್ಕೇ ಕ್ಯಾನಿನ ಮುಚ್ಚಳ ಬೇಕೆಂದೇ ಸಡಿಲ. ಬಟ್ಟೆ ಸುತ್ತಿ ಬಿಗಿಯಬೇಡಿ. ವಿದ್ಯಾರ್ಥಿಗಳೇ, ಎರಡು ವಾಲ್ವ್ ನಡುವೆ ದ್ರವ ಸಿಕ್ಕಿಹಾಕಿಕೊಳ್ಳುವ ಪೈಪ್ ಎಲ್ಲಿದ್ದರೂ ಅಲ್ಲೊಂದು ಸುರಕ್ಷಾ ವಾಲ್ವ್ ಇರಲೇಬೇಕು. ಕಿಟಕಿ ಮುಚ್ಚಿದ ಕಾರಿನಲ್ಲಿ, ಗಾಳಿಯಾಡದ ಸಣ್ಣ ರೂಮಿನಲ್ಲಿ ಕ್ಯಾನ್ ಇಡಬೇಡಿ. ಸಾರಜನಕಕ್ಕೆ ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವನ್ನೂ ಕೊಡದು. ಮನುಷ್ಯ ಸುಮ್ನೆ ಬಿದ್ದುಹೋಗುತ್ತಾನೆ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಸು ಸಾಕಿರುವ ಒಬ್ಬ ತಾಯಿ ಎದ್ದು ನಿಂತು, "ಸಾರ್, ನಮ್ಮ ಹಸು ಗಬ್ಬ ನಿಲ್ತಾ ಇಲ್ಲ. ಹಾಕಿಸ್ದಾಗೆಲ್ಲ ತಿರುಗಿ ಬೆದೆಗೆ ಬರ್ತದೆ. ಕಡ್ಡಿ ಕೆಟ್ಟಿರ್ತದಾ?" ಅಂತ ಕೇಳಿದರು. ನಾನು ಹೇಳಿದ್ದು ಇಷ್ಟು: ಇರಬಹುದು ಅಮ್ಮ, ಆದರೆ ಅದೊಂದೇ ಕಾರಣ ಅನ್ನಲಾಗದು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು. ಹೊತ್ತು ತಪ್ಪಿದರೆ ಒಳ್ಳೆಯ ಸ್ಟ್ರಾ ಕೂಡ ನಿಲ್ಲದು. ಮೇವು, ಖನಿಜ ಮಿಶ್ರಣ, ಗರ್ಭಕೋಶದ ಸೋಂಕು ಇವನ್ನು ಡಾಕ್ಟರ್ ನೋಡಬೇಕು. ನೀವು ನೋಡಬಹುದಾದದ್ದು ಒಂದಿದೆ. ಬಂದವರಿಗೆ ಬೆಚ್ಚನೆ ನೀರು ನೀವೇ ಕೊಡಿ, ಥರ್ಮಾಮೀಟರ್ ಹಾಕಿದರಾ, 30 ಸೆಕೆಂಡ್ ಬಿಟ್ಟರಾ, ಒರೆಸಿದರಾ ಅಂತ ಕಣ್ಣಾರೆ ನೋಡಿ.

ಕೊನೆಯ ಪ್ರಶ್ನೆ ವಿದ್ಯಾರ್ಥಿಯೊಬ್ಬರದು. "ಸಾರ್, ನಾವು ಪ್ರಾಜೆಕ್ಟ್ ಮಾಡೋದಾದ್ರೆ ಏನು ಮಾಡ್ಬಹುದು?" ಹೊಸ ಫ್ರೀಜರ್ ಮಾಡಲು ಹೋಗಬೇಡಿ ಅಂದೆ. ಕ್ಯಾನಿಸ್ಟರಿನಲ್ಲಿ ವೀರ್ಯವಿಲ್ಲದ, ಅದೇ ದ್ರವ ತುಂಬಿದ ಒಂದು ಸ್ಟ್ರಾ ಇಟ್ಟು, ಅದರೊಳಗೆ ಉಷ್ಣತೆ ಅಳೆಯಲು ತಾಮ್ರ ಮತ್ತು ಕಾನ್‌ಸ್ಟಂಟನ್ ತಂತಿಯ ಥರ್ಮೋಕಪಲ್ ಕೂರಿಸಿ. ಬ್ಯಾಟರಿ ಚಳಿಯಲ್ಲಿ ಸೋಲುತ್ತದೆ, ಆದ್ದರಿಂದ ಬ್ಯಾಟರಿ ಮತ್ತು ಸರ್ಕ್ಯೂಟ್ ಮುಚ್ಚಳದ ಮೇಲಿರಲಿ. ತಂತಿ ತೆಳ್ಳಗಿರಲಿ, ಇಲ್ಲದಿದ್ದರೆ ಅದೇ ಬಿಸಿಯನ್ನು ಒಳಗೆ ತರುತ್ತದೆ. ಮೈನಸ್ 130ಕ್ಕಿಂತ ಮೇಲೆ ಒಟ್ಟು ಎಷ್ಟು ಸೆಕೆಂಡ್ ಕಳೆಯಿತು ಅಂತ ಲೆಕ್ಕ ಇಡುವ, ಜಾಸ್ತಿಯಾದರೆ ಕೆಂಪು ದೀಪ ಹಚ್ಚುವ ಸಣ್ಣ ಪೆಟ್ಟಿಗೆ ಸಾಕು. ಅದಕ್ಕೂ ಮೊದಲು, ಸಾರಜನಕವೇ ಇಲ್ಲದ ಖಾಲಿ ಕ್ಯಾನ್ ತೆಗೆದುಕೊಂಡು, ಅನುಭವಸ್ಥ ಕಾರ್ಯಕರ್ತರೊಬ್ಬರನ್ನು ಕರೆದು, ಅವರು ಸ್ಟ್ರಾ ತೆಗೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಕ್ಯಾನಿಸ್ಟರ್ ಎಷ್ಟು ಎತ್ತರ ಬಂತು, ಎಷ್ಟು ಹೊತ್ತು ಅಲ್ಲಿತ್ತು ಅಂತ ಬರೆದಿಟ್ಟುಕೊಳ್ಳಿ. ಅಂಥವರು ಈ ಸಭೆಯಲ್ಲೇ ಹಿಂದಿನ ಸಾಲಿನಲ್ಲಿ ಇದ್ದಾರೆ, ಚಹಾ ಹೊತ್ತಿಗೆ ಹೋಗಿ ಫೋನ್ ನಂಬರ್ ತೆಗೆದುಕೊಳ್ಳಿ ಅಂತ ಹೇಳಿ ಮೈಕ್ ಬಿಟ್ಟೆ.